ಹೆಸರು ಕಿತ್ತುಹೋದ ಬಾಟಲಿಯಲ್ಲಿ ಏನಿದೆ? ಸಾವಯವ ಕ್ರಿಯಾಗುಂಪು ಪತ್ತೆಯ ಸಮಗ್ರ ಮಾರ್ಗದರ್ಶಿ

ಪಿಯುಸಿ ಪ್ರಾಕ್ಟಿಕಲ್‌ನಲ್ಲಿ ಕೊಡುವ ಬಿಳಿ ಪುಡಿಯಾಗಲಿ, ಬಿಎಸ್ಸಿ ಲ್ಯಾಬಿನ ಆರ್ಗ್ಯಾನಿಕ್ ಅನಾಲಿಸಿಸ್ ಆಗಲಿ, ಕ್ರಿಯಾಗುಂಪನ್ನು, ಅಂದರೆ ಅಣುವಿನ ಗುಣ ನಿರ್ಧರಿಸುವ ಪರಮಾಣುಗಳ ಗುಂಪನ್ನು, ಹುಡುಕುವಾಗ ಎಡವುವ ಜಾಗ ಹೆಚ್ಚುಕಡಿಮೆ ಒಂದೇ. ಒಂದು ಟೆಸ್ಟ್ ಟ್ಯೂಬಿನಲ್ಲಿ ಬಣ್ಣ ಬಂದ ಕೂಡಲೇ ‘ಸಿಕ್ಕಿತು’ ಎಂದು ರೆಕಾರ್ಡ್‌ನಲ್ಲಿ ಬರೆದುಬಿಡುತ್ತಾರೆ. ಫೆರಿಕ್ ಕ್ಲೋರೈಡಿಗೆ ನೇರಳೆ ಬಂದರೆ ಫೀನಾಲ್, ಪರ್ಮಾಂಗನೇಟ್ ಬಣ್ಣ ಹೋದರೆ ದ್ವಿಬಂಧ, ಬೆಳ್ಳಿ ಕೂತರೆ ಆಲ್ಡಿಹೈಡ್ ಎಂಬ ಪಟ್ಟಿ ಎಲ್ಲರಿಗೂ ಬಾಯಿಪಾಠ. ಆದರೆ ಪರ್ಮಾಂಗನೇಟಿನ ಬಣ್ಣವನ್ನು ಆಲ್ಡಿಹೈಡೂ ಕಳೆಯುತ್ತದೆ, ಫೀನಾಲೂ ಕಳೆಯುತ್ತದೆ, ಅನಿಲೀನೂ ಕಳೆಯುತ್ತದೆ. ಆದ್ದರಿಂದ ಯಾವ ಪರೀಕ್ಷೆ ಮಾಡಬೇಕು ಎಂಬುದಕ್ಕಿಂತ ಯಾವುದನ್ನು ಯಾವುದರ ನಂತರ ಮಾಡಬೇಕು, ಯಾವುದರ ಪಕ್ಕದಲ್ಲಿಟ್ಟು ನೋಡಬೇಕು ಎಂಬುದೇ ಇಲ್ಲಿ ಹೆಚ್ಚು ಮುಖ್ಯ.

ಶುರು ಮಾಡುವ ಮುನ್ನ

ಪ್ರತಿ ಬಣ್ಣದ ಪರೀಕ್ಷೆಗೂ ಮೂರು ಟ್ಯೂಬ್ ಇಡಿ. ಮೊದಲನೆಯದರಲ್ಲಿ ಬರೀ ದ್ರಾವಕ ಮತ್ತು ರೀಜೆಂಟ್ (ಪರೀಕ್ಷೆಗೆ ಹಾಕುವ ರಾಸಾಯನಿಕ), ಎರಡನೆಯದರಲ್ಲಿ ಗೊತ್ತಿರುವ ಮಾದರಿ, ಮೂರನೆಯದರಲ್ಲಿ ನಿಮ್ಮ ಅಪರಿಚಿತ ವಸ್ತು. ಮೊದಲನೆಯದನ್ನು ಲ್ಯಾಬಿನಲ್ಲಿ ಬ್ಲ್ಯಾಂಕ್ ಎನ್ನುತ್ತೇವೆ. ಬ್ಲ್ಯಾಂಕ್‌ನಲ್ಲೂ ಬಣ್ಣ ಬಂದರೆ ತಪ್ಪು ರೀಜೆಂಟಿನದು ಅಥವಾ ಟ್ಯೂಬಿನದು. ಗೊತ್ತಿರುವ ಮಾದರಿಯೇ ಬಣ್ಣ ಕೊಡದಿದ್ದರೆ ರೀಜೆಂಟ್ ಸತ್ತಿದೆ. ಈ ಎರಡನ್ನೂ ನೋಡದೆ ಮೂರನೆಯ ಟ್ಯೂಬಿನ ಬಗ್ಗೆ ಏನು ಬರೆದರೂ ಅದು ಊಹೆಯೇ.

ಪ್ರಮಾಣ ಕಡಿಮೆ ಇರಲಿ. ಘನವಸ್ತುವಾದರೆ 50 ಮಿಲಿಗ್ರಾಂ, ಅಂದರೆ ಸ್ಪ್ಯಾಚುಲಾದ ತುದಿಯಲ್ಲಿ ಒಂದೆರಡು ಅಕ್ಕಿ ಕಾಳಿನಷ್ಟು. ದ್ರವವಾದರೆ 2-3 ಹನಿ. ಸಾಮಾನ್ಯ ಡ್ರಾಪರಿನಲ್ಲಿ 20 ಹನಿ ಸುಮಾರು 1 ಮಿ.ಲೀ. ಆಗುತ್ತದೆ. ಹೆಚ್ಚು ಹಾಕಿದರೆ ಫಲಿತಾಂಶ ಚೆನ್ನಾಗಿ ಕಾಣುತ್ತದೆ ಎಂಬುದು ತಪ್ಪು ಕಲ್ಪನೆ. ಅಸಲು ವಸ್ತುವಿನಲ್ಲಿ ಚೂರುಪಾರು ಇರುವ ಕಲ್ಮಶಕ್ಕೂ ಆಗ ದನಿ ಬರುತ್ತದೆ.

ನೀರಿನ ವಿಷಯದಲ್ಲಿ ರಾಜಿ ಬೇಡ. ನಮ್ಮಲ್ಲಿ ಬಹಳಷ್ಟು ಕಾಲೇಜುಗಳ ನಲ್ಲಿಯಲ್ಲಿ ಬರುವುದು ಬೋರ್‌ವೆಲ್ ನೀರು, ಅದರಲ್ಲಿ ಕ್ಲೋರೈಡ್ ಧಾರಾಳವಾಗಿರುತ್ತದೆ. ಅದಕ್ಕೆ ಸಿಲ್ವರ್ ನೈಟ್ರೇಟ್ ಬಿದ್ದರೆ ತಕ್ಷಣ ಬೆಳ್ಳಗಾಗುತ್ತದೆ, ಹ್ಯಾಲೊಜನ್ ಇಲ್ಲದ ಕಡೆ ಕ್ಲೋರಿನ್ ಕಾಣಿಸಿಕೊಳ್ಳುತ್ತದೆ. ಟ್ಯೂಬ್‌ಗಳನ್ನು ತೊಳೆದ ಮೇಲೆ ಕೊನೆಯ ಜಾಲಾಟ ಡಿಸ್ಟಿಲ್ಡ್ ವಾಟರಿನಲ್ಲೇ ಆಗಬೇಕು. ಬೇಗ ಒಣಗಲಿ ಎಂದು ಅಸಿಟೋನ್ ಹಾಕಿ ಜಾಲಾಡಿಸುವ ರೂಢಿ ಇದ್ದರೆ ಅದನ್ನು ಇಂದಿಗೆ ಬಿಡಿ. ಅಸಿಟೋನ್ ಸ್ವತಃ ಕೀಟೋನ್. ಟ್ಯೂಬಿನ ಗೋಡೆಗೆ ಅಂಟಿದ ಚೂರೇ ಮುಂದೆ ಆಲ್ಡಿಹೈಡ್, ಕೀಟೋನ್ ಹುಡುಕುವ ಡಿಎನ್‌ಪಿ ಪರೀಕ್ಷೆಯಲ್ಲಿ ಹಳದಿ ಪ್ರಕ್ಷೇಪ (ಕೆಳಗೆ ಕೂರುವ ಕರಗದ ಪುಡಿ) ಕೊಟ್ಟು ದಾರಿ ತಪ್ಪಿಸುತ್ತದೆ.

ಕನ್ನಡಕ, ಕೈಗವಸು ಹಾಕಿ. ವಾಸನೆ ನೋಡುವಾಗ ಟ್ಯೂಬನ್ನು ಮೂಗಿಗೆ ಹಿಡಿಯಬೇಡಿ, ಕೈಯಿಂದ ಗಾಳಿ ಬೀಸಿಕೊಂಡು ನೋಡಿ. ರುಚಿ ನೋಡುವ ಮಾತೇ ಇಲ್ಲ.

ಮೊದಲು ಜ್ವಾಲೆ, ಆಮೇಲೆ ಕರಗುವಿಕೆ

ಸ್ಪ್ಯಾಚುಲಾ ಮೇಲೆ ಚಿಟಿಕೆ ವಸ್ತು ಇಟ್ಟು ಜ್ವಾಲೆಯ ಅಂಚಿಗೆ ಹಿಡಿಯಿರಿ. ಮಸಿ ಕಾರುತ್ತಾ ಹಳದಿ ಜ್ವಾಲೆಯಲ್ಲಿ ಉರಿದರೆ ಆರೊಮ್ಯಾಟಿಕ್ (ಬೆಂಜೀನ್ ಉಂಗುರ ಇರುವಂಥದ್ದು) ಇರಬಹುದು. ಮಸಿ ಇಲ್ಲದೆ ಉರಿದರೆ ಬಹುಮಟ್ಟಿಗೆ ಆಲಿಫ್ಯಾಟಿಕ್, ಅಂದರೆ ಅಂಥ ಉಂಗುರ ಇಲ್ಲದ್ದು. ಕರಿಕಾಗಿ ಸುಟ್ಟ ಸಕ್ಕರೆಯ ವಾಸನೆ ಬಂದರೆ ಕಾರ್ಬೋಹೈಡ್ರೇಟ್ ಕಡೆ ಗಮನ ಹರಿಸಿ. ಸುಟ್ಟ ಮೇಲೂ ಬೂದಿ ಉಳಿದರೆ ಲೋಹದ ಲವಣ ಇದೆ ಎಂದರ್ಥ, ಉದಾಹರಣೆಗೆ ಸೋಡಿಯಂ ಬೆಂಜೊಯೇಟ್.

ಕರಗುವಿಕೆಗೆ ಬಂದರೆ ಇಲ್ಲಿ ಅವಸರ ಬೇಡ, ಅರ್ಧ ಉತ್ತರ ಇಲ್ಲೇ ಇದೆ. ನಾಲ್ಕು ಟ್ಯೂಬಿನಲ್ಲಿ ತಲಾ 2 ಮಿ.ಲೀ. ಹಾಕಿಕೊಳ್ಳಿ: ನೀರು, ಶೇ. 5ರ ಸೋಡಿಯಂ ಬೈಕಾರ್ಬೊನೇಟ್, ಶೇ. 10ರ ಸೋಡಿಯಂ ಹೈಡ್ರಾಕ್ಸೈಡ್, ಸಾರರಿಕ್ತ (ನೀರು ಬೆರೆಸಿ ತೆಳುವಾಗಿಸಿದ) ಹೈಡ್ರೋಕ್ಲೋರಿಕ್ ಆಮ್ಲ. ಪ್ರತಿಯೊಂದಕ್ಕೂ 50 ಮಿಲಿಗ್ರಾಂ ವಸ್ತು ಹಾಕಿ ಒಂದೆರಡು ನಿಮಿಷ ಚೆನ್ನಾಗಿ ಅಲ್ಲಾಡಿಸಿ. ಬಿಸಿ ಮಾಡಬೇಡಿ, ಬಿಸಿ ಮಾಡಿದರೆ ಎಸ್ಟರ್, ಅಮೈಡ್‌ಗಳು ಜಲವಿಭಜನೆಯಾಗಿ ಕರಗಿ ಮೋಸ ಮಾಡುತ್ತವೆ.

ಬೈಕಾರ್ಬೊನೇಟಿನಲ್ಲಿ ಗುಳ್ಳೆ ಎದ್ದು ಕರಗಿದರೆ ಕಾರ್ಬಾಕ್ಸಿಲಿಕ್ ಆಮ್ಲ. ಅದರಲ್ಲಿ ಕರಗದೆ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಮಾತ್ರ ಕರಗಿದರೆ ಫೀನಾಲ್. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮಾತ್ರ ಕರಗಿದರೆ ಅಮೈನ್. ಮೂರರಲ್ಲೂ ಕರಗದಿದ್ದರೆ ತಟಸ್ಥ ಗುಂಪು: ಆಲ್ಡಿಹೈಡ್, ಕೀಟೋನ್, ಎಸ್ಟರ್, ನೈಟ್ರೊ, ಹೈಡ್ರೊಕಾರ್ಬನ್ ಇತ್ಯಾದಿ. ಪಿಕೆಎ ಎಂಬುದು ಆಮ್ಲದ ಬಲದ ಅಳತೆ, ಸಂಖ್ಯೆ ಚಿಕ್ಕದಾದಷ್ಟೂ ಆಮ್ಲ ಗಟ್ಟಿ. ಬೆಂಜೊಯಿಕ್ ಆಮ್ಲದ ಪಿಕೆಎ 4.2, ಕಾರ್ಬೊನಿಕ್ ಆಮ್ಲದ್ದು ಸುಮಾರು 6.4, ಫೀನಾಲಿನದು 10. ಕಾರ್ಬೊನಿಕ್ ಆಮ್ಲಕ್ಕಿಂತ ಗಟ್ಟಿಯಾದ ಆಮ್ಲವಷ್ಟೇ ಬೈಕಾರ್ಬೊನೇಟಿನಿಂದ ಇಂಗಾಲದ ಡೈಆಕ್ಸೈಡನ್ನು ಹೊರಗೆ ತಳ್ಳಬಲ್ಲದು. ಫೀನಾಲಿಗೆ ಆ ಶಕ್ತಿ ಇಲ್ಲ. ಅದೇ ಕಾರಣಕ್ಕೆ ಪಿಕ್ರಿಕ್ ಆಮ್ಲ ಹೆಸರಿಗೆ ಫೀನಾಲ್ ಆದರೂ ಮೂರು ನೈಟ್ರೊ ಗುಂಪುಗಳ ಬಲದಿಂದ ಇಲ್ಲಿ ಗುಳ್ಳೆ ಎಬ್ಬಿಸುತ್ತದೆ.

ಕರಗಿತೋ ಇಲ್ಲವೋ ಎಂಬ ಅನುಮಾನ ಬಂದರೆ ಒಂದು ಉಪಾಯವಿದೆ. ದ್ರಾವಣವನ್ನು ಸೋಸಿ, ಸೋಸಿದ ನೀರನ್ನು ಎದುರು ಗುಣದ್ದರಿಂದ ತಟಸ್ಥಗೊಳಿಸಿ. ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಕರಗಿದ್ದನ್ನು ಆಮ್ಲ ಹಾಕಿ ಆಮ್ಲೀಯ ಮಾಡಿದಾಗ ಬಿಳಿ ಪುಡಿ ವಾಪಸ್ ಬಂದರೆ ಅದು ನಿಜವಾಗಿಯೂ ಲವಣವಾಗಿ ಕರಗಿತ್ತು.

ಕರಗುವ ಬಿಂದುವೊಂದನ್ನೇ ನಂಬುವವರಿಗೆ ಒಂದು ಮಾತು. ಬೆಂಜೊಯಿಕ್ ಆಮ್ಲವೂ ಬೀಟಾ-ನ್ಯಾಫ್ಥಾಲೂ ಕರಗುವುದು 122 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ. ಥರ್ಮಾಮೀಟರ್ ಇವೆರಡನ್ನು ಬೇರೆ ಮಾಡಲಾರದು, ಎರಡು ಮಿ.ಲೀ. ಬೈಕಾರ್ಬೊನೇಟ್ ಅರ್ಧ ನಿಮಿಷದಲ್ಲಿ ಬೇರೆ ಮಾಡುತ್ತದೆ.

ಸೋಡಿಯಂ ಜತೆ ಕರಗಿಸುವುದು: ಲಸ್ಸೇನ್ ಪರೀಕ್ಷೆ

ನೈಟ್ರೊಜನ್, ಗಂಧಕ, ಹ್ಯಾಲೊಜನ್ ಇವೆಯೇ ಎಂದು ತಿಳಿಯದೆ ಮುಂದೆ ಹೋದರೆ ಬೇಡದ ಹತ್ತು ಪರೀಕ್ಷೆ ಮಾಡಬೇಕಾಗುತ್ತದೆ. ನೈಟ್ರೊಜನ್ ಇಲ್ಲ ಎಂದು ಖಚಿತವಾದರೆ ಅಮೈನ್, ಅಮೈಡ್, ನೈಟ್ರೊ ಮೂರೂ ಒಟ್ಟಿಗೆ ಪಟ್ಟಿಯಿಂದ ಹೊರಕ್ಕೆ.

ಸೀಮೆಎಣ್ಣೆಯಿಂದ ತೆಗೆದ ಸೋಡಿಯಂ ತುಂಡನ್ನು ಫಿಲ್ಟರ್ ಪೇಪರಿನಲ್ಲಿ ಒತ್ತಿ ಒಣಗಿಸಿ. ಗಾತ್ರ ಅರ್ಧ ಕಡಲೆಬೇಳೆಯಷ್ಟಿದ್ದರೆ ಸಾಕು. ಫ್ಯೂಷನ್ ಟ್ಯೂಬಿನಲ್ಲಿ ಹಾಕಿ ನಿಧಾನವಾಗಿ ಬಿಸಿ ಮಾಡಿ, ಹೊಳೆಯುವ ಗುಂಡಾದ ಮೇಲೆ ಚಿಟಿಕೆ ವಸ್ತು ಹಾಕಿ. ಮೊದಲು ಮೆಲ್ಲಗೆ, ನಂತರ ಟ್ಯೂಬಿನ ತಳ ಕೆಂಪಗಾಗುವವರೆಗೆ ಕಾಯಿಸಿ, ಪಿಂಗಾಣಿ ಬಟ್ಟಲಿನಲ್ಲಿ ಇಟ್ಟುಕೊಂಡ 10-15 ಮಿ.ಲೀ. ಡಿಸ್ಟಿಲ್ಡ್ ವಾಟರಿಗೆ ಅದ್ದಿ, ತಕ್ಷಣ ತಂತಿ ಬಲೆ ಮುಚ್ಚಿ. ಟ್ಯೂಬ್ ಚೂರಾಗುತ್ತದೆ, ಉಳಿದ ಸೋಡಿಯಂ ಚಟಪಟ ಎನ್ನುತ್ತದೆ. ಮುಖ ದೂರ ಇರಲಿ. ಇದೇ ನೀರಿಗೆ ಇನ್ನೊಂದು ಟ್ಯೂಬನ್ನೂ ಹೀಗೇ ಹಾಕಿ, ಕುದಿಸಿ, ಸೋಸಿ.

ಸೋಸಿದ ದ್ರಾವಣ ನೀರಿನಂತೆ ತಿಳಿಯಾಗಿರಬೇಕು. ಕಂದು ಬಣ್ಣ ಇದ್ದರೆ ಕಾಯಿಸಿದ್ದು ಸಾಲದು. ಮತ್ತೆ ಮಾಡಿ, ಇದಕ್ಕೆ ಅಡ್ಡದಾರಿ ಇಲ್ಲ. ಕೆಂಪು ಲಿಟ್ಮಸ್ ನೀಲಿಯಾಗುತ್ತದೆಯೇ ಎಂದೂ ನೋಡಿಕೊಳ್ಳಿ.

ನೈಟ್ರೊಜನ್‌ಗೆ: 1 ಮಿ.ಲೀ. ದ್ರಾವಣಕ್ಕೆ ಆಗತಾನೇ ಕರಗಿಸಿದ ಫೆರಸ್ ಸಲ್ಫೇಟ್ ಹಾಕಿ ಕುದಿಸಿ, ತಣಿಸಿ, ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಹಾಕಿ. ಪ್ರಷ್ಯನ್ ನೀಲಿ ಬರಬೇಕು. ಫೆರಸ್ ಸಲ್ಫೇಟ್ ಹಳೆಯದಾಗಿ ಕಂದಾಗಿದ್ದರೆ ಹಸಿರು ಮಾತ್ರ ಕಾಣುತ್ತದೆ, ವಿದ್ಯಾರ್ಥಿ ‘ಇಲ್ಲ’ ಎಂದು ಬರೆಯುತ್ತಾನೆ. ರಕ್ತದಂಥ ಕೆಂಪು ಬಂದರೆ ನೈಟ್ರೊಜನ್, ಗಂಧಕ ಎರಡೂ ಇವೆ, ಸೋಡಿಯಂ ಸಾಲದೆ ಥಯೊಸಯನೇಟ್ ಆಗಿದೆ. ಗಂಧಕಕ್ಕೆ ಸೋಡಿಯಂ ನೈಟ್ರೊಪ್ರುಸೈಡ್ ಎರಡು ಹನಿ ಸಾಕು, ನೇರಳೆ ಬರುತ್ತದೆ. ಹ್ಯಾಲೊಜನ್‌ಗೆ ಸಿಲ್ವರ್ ನೈಟ್ರೇಟ್ ಹಾಕುವ ಮುನ್ನ ದ್ರಾವಣವನ್ನು ಸಾರೀಕೃತ (ಗಟ್ಟಿ, ನೀರು ಬೆರೆಸದ) ನೈಟ್ರಿಕ್ ಆಮ್ಲದ ಜತೆ ಫ್ಯೂಮ್ ಹುಡ್ ಒಳಗೆ ಕುದಿಸಲೇಬೇಕು. ಕುದಿಸದಿದ್ದರೆ ಸಯನೈಡೂ ಬಿಳಿ ಪ್ರಕ್ಷೇಪ ಕೊಡುತ್ತದೆ, ಸಲ್ಫೈಡ್ ಕಪ್ಪು ಕೊಡುತ್ತದೆ. ಬಿಳಿ ಪ್ರಕ್ಷೇಪ ಅಮೋನಿಯಾದಲ್ಲಿ ಕರಗಿದರೆ ಕ್ಲೋರಿನ್. ತಿಳಿಹಳದಿ, ಅರೆಬರೆ ಕರಗಿದರೆ ಬ್ರೋಮಿನ್. ಹಳದಿ, ಏನೇ ಮಾಡಿದರೂ ಕರಗದಿದ್ದರೆ ಅಯೋಡಿನ್.

ದ್ವಿಬಂಧ, ತ್ರಿಬಂಧ

ಬೇಯರ್ ಪರೀಕ್ಷೆಗೆ ಶೇ. 1ರ ಪೊಟ್ಯಾಸಿಯಂ ಪರ್ಮಾಂಗನೇಟ್ ಹನಿಹನಿಯಾಗಿ. ಗುಲಾಬಿ ಬಣ್ಣ ಹೋಗಿ ಕಂದು ಮ್ಯಾಂಗನೀಸ್ ಡೈಆಕ್ಸೈಡ್ ಕೂರಬೇಕು. ಒಂದು ಹನಿಯ ಬಣ್ಣ ಹೋದರೆ ಲೆಕ್ಕಕ್ಕಿಲ್ಲ, ಅಷ್ಟನ್ನು ಕಲ್ಮಶವೇ ಕಳೆಯುತ್ತದೆ. ನಾಲ್ಕೈದು ಹನಿ ಒಂದರ ಹಿಂದೊಂದು ಬಣ್ಣ ಕಳೆದುಕೊಳ್ಳಬೇಕು. ಜತೆಗೆ ಬ್ರೋಮಿನ್ ನೀರನ್ನೂ ಹಾಕಿ ನೋಡಿ. ಬಣ್ಣ ಹೋಗುವುದರ ಜತೆಗೆ ಬಿಳಿ ಪ್ರಕ್ಷೇಪವೂ ಬಿದ್ದರೆ ಅದು ದ್ವಿಬಂಧಕ್ಕಿಂತ ಫೀನಾಲ್ ಅಥವಾ ಅನಿಲೀನ್ ಇರುವ ಸಾಧ್ಯತೆಯೇ ಹೆಚ್ಚು. ಬೆಂಜೀನ್ ಉಂಗುರದ ಬಂಧಗಳು ಈ ಎರಡಕ್ಕೂ ಜಗ್ಗುವುದಿಲ್ಲ. ಬ್ರೋಮಿನ್ನನ್ನು ಕಾರ್ಬನ್ ಟೆಟ್ರಾಕ್ಲೋರೈಡಿನಲ್ಲಿ ಕರಗಿಸಿ ಕೊಡುವ ಹಳೆಯ ಪದ್ಧತಿಯನ್ನು ಬಿಟ್ಟರೆ ಒಳ್ಳೆಯದು, ಅದು ಯಕೃತ್ತಿಗೆ ಹಾನಿ ಮಾಡುವ ದ್ರಾವಕ.

ಆಮ್ಲ ಮತ್ತು ಫೀನಾಲ್

ಆಮ್ಲಕ್ಕೆ ಬೈಕಾರ್ಬೊನೇಟ್ ಆಯಿತು. ದೃಢಪಡಿಸಲು ಎಸ್ಟರ್ ಮಾಡಿ: 0.2 ಗ್ರಾಂ ವಸ್ತು, 1 ಮಿ.ಲೀ. ಎಥನಾಲ್, ಮೂರ್ನಾಲ್ಕು ಹನಿ ಸಾರೀಕೃತ ಸಲ್ಫ್ಯೂರಿಕ್ ಆಮ್ಲ, ವಾಟರ್ ಬಾತ್‌ನಲ್ಲಿ ಹತ್ತು ನಿಮಿಷ. ಆಮೇಲೆ ಬೀಕರಿನಲ್ಲಿರುವ ಸೋಡಿಯಂ ಕಾರ್ಬೊನೇಟ್ ದ್ರಾವಣಕ್ಕೆ ಸುರಿಯಿರಿ. ಉಳಿದ ಆಮ್ಲ ಅದರಲ್ಲಿ ಸೇರಿಹೋಗಿ ಎಸ್ಟರಿನ ಹಣ್ಣಿನಂಥ ವಾಸನೆ ಬೇರೆಯಾಗಿ ಮೂಗಿಗೆ ಬರುತ್ತದೆ. ಈ ಸುರಿಯುವ ಹೆಜ್ಜೆ ಬಿಟ್ಟವರಿಗೆ ಆಲ್ಕೋಹಾಲ್ ಮತ್ತು ಆಮ್ಲದ ಘಾಟು ಬಿಟ್ಟು ಬೇರೇನೂ ಸಿಗುವುದಿಲ್ಲ. ಎಥನಾಲ್ ಬದಲು ಮೆಥನಾಲ್ ಬಳಸಿ ಸ್ಯಾಲಿಸಿಲಿಕ್ ಆಮ್ಲಕ್ಕೆ ಮಾಡಿದರೆ ಮೈಕೈ ನೋವಿನ ಮುಲಾಮಿನ ವಾಸನೆ ತಟ್ಟನೆ ಗುರುತು ಸಿಗುತ್ತದೆ, ಅದು ಮೀಥೈಲ್ ಸ್ಯಾಲಿಸಿಲೇಟ್.

ಫೀನಾಲಿಗೆ ಬೇಕಾಗಿರುವುದು ‘ತಟಸ್ಥ’ ಫೆರಿಕ್ ಕ್ಲೋರೈಡ್. ಲ್ಯಾಬ್ ಶೆಲ್ಫಿನ ಬಾಟಲಿಯಲ್ಲಿರುವುದು ತಟಸ್ಥವಲ್ಲ, ಫೆರಿಕ್ ಹೈಡ್ರಾಕ್ಸೈಡ್ ಆಗಿ ಕೆಳಗೆ ಕೂರದಿರಲಿ ಎಂದು ಅದರಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿರುತ್ತಾರೆ. ಬಣ್ಣ ಬರಬೇಕಾದರೆ ಫೀನಾಲ್ ತನ್ನ ಪ್ರೋಟಾನ್ ಬಿಟ್ಟುಕೊಟ್ಟು ಫೀನಾಕ್ಸೈಡ್ ಆಗಿ ಕಬ್ಬಿಣಕ್ಕೆ ಅಂಟಿಕೊಳ್ಳಬೇಕು. ಆಮ್ಲ ಇದ್ದಷ್ಟೂ ಅದು ಪ್ರೋಟಾನ್ ಬಿಡುವುದಿಲ್ಲ. ಹಾಗಾಗಿ 2 ಮಿ.ಲೀ. ಫೆರಿಕ್ ಕ್ಲೋರೈಡಿಗೆ ಸಾರರಿಕ್ತ ಸೋಡಿಯಂ ಹೈಡ್ರಾಕ್ಸೈಡನ್ನು ಹನಿಹನಿಯಾಗಿ ಹಾಕುತ್ತಾ ಅಲ್ಲಾಡಿಸಿ. ಅಲ್ಲಾಡಿಸಿದರೂ ಕರಗದ ಕಂದು ಗಸಿ ಚೂರು ಉಳಿದ ಕ್ಷಣ ನಿಲ್ಲಿಸಿ, ಸೋಸಿ, ತಿಳಿಯನ್ನು ಬಳಸಿ. ಒಂದೆರಡು ಹನಿ ಹೆಚ್ಚಾದರೆ ಕಬ್ಬಿಣವೆಲ್ಲ ಗಸಿಯಾಗಿ ಹೋಗಿ ತಿಳಿಯಲ್ಲಿ ಏನೂ ಇರುವುದಿಲ್ಲ. ಈ ದ್ರಾವಣವನ್ನು ಅಂದಂದೇ ಮಾಡಿಕೊಳ್ಳಬೇಕು.

ಪರೀಕ್ಷೆಗೆ 50 ಮಿಲಿಗ್ರಾಂ ವಸ್ತುವನ್ನು 2 ಮಿ.ಲೀ. ನೀರಿನಲ್ಲಿ, ಕರಗದಿದ್ದರೆ ಆಲ್ಕೋಹಾಲ್-ನೀರಿನಲ್ಲಿ ಕರಗಿಸಿ, ಫೆರಿಕ್ ಕ್ಲೋರೈಡ್ ಒಂದೇ ಹನಿ ಹಾಕಿ. ನಾಲ್ಕು ಹನಿ ಸುರಿದರೆ ಅದರದ್ದೇ ಹಳದಿ ಎಲ್ಲವನ್ನೂ ಮುಚ್ಚುತ್ತದೆ. ಫೀನಾಲ್, ರೆಸಾರ್ಸಿನಾಲ್‌ಗೆ ನೇರಳೆ, ಕ್ಯಾಟೆಕಾಲ್‌ಗೆ ಹಸಿರು, ಬೀಟಾ-ನ್ಯಾಫ್ಥಾಲಿಗೆ ಮಸುಕು ಹಸಿರು, ಸ್ಯಾಲಿಸಿಲಿಕ್ ಆಮ್ಲಕ್ಕೆ ಗಾಢ ನೇರಳೆ. ಬೆಂಜೊಯಿಕ್ ಆಮ್ಲ ತಿಳಿ ಮೈಬಣ್ಣದ ಪ್ರಕ್ಷೇಪ ಕೊಡುತ್ತದೆ. ಅದನ್ನು ನೋಡಿ ಫೀನಾಲ್ ಎನ್ನಬೇಡಿ, ಪ್ರಕ್ಷೇಪ ಬೇರೆ, ದ್ರಾವಣದ ಬಣ್ಣ ಬೇರೆ. ಇನ್ನೊಂದು ವೇಷಧಾರಿ ಈಥೈಲ್ ಅಸಿಟೊಅಸಿಟೇಟ್. ಫೀನಾಲ್ ಅಲ್ಲವೇ ಅಲ್ಲ, ಆದರೂ ಅದರ ಈನಾಲ್ ರೂಪ ಕೆಂಪು-ನೇರಳೆ ತೋರಿಸುತ್ತದೆ.

ಖಚಿತಪಡಿಸಲು ಥ್ಯಾಲೀನ್ ಪರೀಕ್ಷೆ ನೋಡಲೂ ಚೆಂದ. ಒಣ ಟ್ಯೂಬಿನಲ್ಲಿ ವಸ್ತು ಮತ್ತು ಥ್ಯಾಲಿಕ್ ಅನ್‌ಹೈಡ್ರೈಡ್ ಸಮಸಮ ಚಿಟಿಕೆ, ಎರಡು ಹನಿ ಸಾರೀಕೃತ ಸಲ್ಫ್ಯೂರಿಕ್ ಆಮ್ಲ, ಸಣ್ಣ ಉರಿಯಲ್ಲಿ ಒಂದು ನಿಮಿಷ. ತಣಿದ ಮೇಲೆ ಬೀಕರ್ ತುಂಬ ಸಾರರಿಕ್ತ ಸೋಡಿಯಂ ಹೈಡ್ರಾಕ್ಸೈಡಿಗೆ ಸುರಿಯಿರಿ. ಫೀನಾಲ್ ಇದ್ದರೆ ಗುಲಾಬಿ: ಟೈಟ್ರೇಷನ್‌ಗೆ ದಿನಾ ಬಳಸುವ ಫೀನಾಲ್ಫ್ಥಲೀನನ್ನು ನೀವೇ ಟ್ಯೂಬಿನಲ್ಲಿ ತಯಾರಿಸಿದಂತಾಯಿತು. ರೆಸಾರ್ಸಿನಾಲ್ ಇದ್ದರೆ ಹಸಿರಾಗಿ ಹೊಳೆಯುವ ಫ್ಲೂರೊಸೀನ್. ಎರಡನ್ನೂ 1871ರಲ್ಲಿ ಮೊದಲು ತಯಾರಿಸಿದವರು ಅಡಾಲ್ಫ್ ಫಾನ್ ಬೇಯರ್, ಮೇಲಿನ ಪರ್ಮಾಂಗನೇಟ್ ಪರೀಕ್ಷೆಗೆ ಹೆಸರು ಕೊಟ್ಟವರೇ.

ಆಲ್ಡಿಹೈಡ್, ಕೀಟೋನ್: ಮೊದಲು ಇಬ್ಬರಿಗೂ ಒಂದು, ಆಮೇಲೆ ಬೇರೆ ಮಾಡುವುದು

ಕಾರ್ಬೊನೈಲ್ (ಇವೆರಡರಲ್ಲೂ ಇರುವ ಇಂಗಾಲ-ಆಮ್ಲಜನಕ ದ್ವಿಬಂಧ) ಇದೆಯೇ ಎಂಬುದನ್ನು 2,4-ಡಿಎನ್‌ಪಿ ಹೇಳುತ್ತದೆ. ರೀಜೆಂಟ್ ಮಾಡುವುದು ಹೀಗೆ: 2 ಗ್ರಾಂ 2,4-ಡೈನೈಟ್ರೊಫೀನೈಲ್ ಹೈಡ್ರಜೀನನ್ನು 4 ಮಿ.ಲೀ. ಸಾರೀಕೃತ ಸಲ್ಫ್ಯೂರಿಕ್ ಆಮ್ಲದಲ್ಲಿ ಕದಡಿ, ತಣಿಸುತ್ತಾ 30 ಮಿ.ಲೀ. ಮೆಥನಾಲ್ ನಿಧಾನವಾಗಿ ಸೇರಿಸಿ, 10 ಮಿ.ಲೀ. ನೀರು ಹಾಕಿ, ಸೋಸಿ. ಇದರ ಒಣ ಪುಡಿ ಸ್ಫೋಟಕ ಗುಣದ್ದು, ಅದಕ್ಕೇ ಬಾಟಲಿಯಲ್ಲಿ ಒದ್ದೆಯಾಗಿಯೇ ಬರುತ್ತದೆ. ಬಾಟಲಿಯ ಬಾಯಿಗೆ ಒಣಗಿ ಅಂಟಿದ್ದನ್ನು ಕೆರೆಯಲು ಹೋಗಬೇಡಿ.

ವಸ್ತುವನ್ನು 1 ಮಿ.ಲೀ. ಆಲ್ಕೋಹಾಲಿನಲ್ಲಿ ಕರಗಿಸಿ 2 ಮಿ.ಲೀ. ರೀಜೆಂಟ್ ಹಾಕಿ. ಹೆಚ್ಚಿನವು ತಕ್ಷಣ ಕೊಡುತ್ತವೆ. ಬರದಿದ್ದರೆ ಬಿಸಿನೀರಿನಲ್ಲಿ ಐದು ನಿಮಿಷ ಇಟ್ಟು, ಆರಿಸಿ, ಗಾಜಿನ ಕಡ್ಡಿಯಿಂದ ಗೋಡೆ ಗೀರಿ. ಹಳದಿಯಾದರೆ ಸಾಧಾರಣ ಆಲಿಫ್ಯಾಟಿಕ್, ಕಿತ್ತಳೆ-ಕೆಂಪಾದರೆ ಉಂಗುರಕ್ಕೋ ದ್ವಿಬಂಧಕ್ಕೋ ಸೇರಿಕೊಂಡ ಕಾರ್ಬೊನೈಲ್. ಆಮ್ಲ, ಎಸ್ಟರ್, ಅಮೈಡ್‌ಗಳ ಕಾರ್ಬೊನೈಲ್ ಇದಕ್ಕೆ ಓಗೊಡುವುದಿಲ್ಲ. ಪ್ರಕ್ಷೇಪವನ್ನು ಎಸೆಯಬೇಡಿ. ಸೋಸಿ, ಎಥನಾಲಿನಲ್ಲಿ ಮತ್ತೆ ಹರಳು ಕಟ್ಟಿಸಿ ಕರಗುವ ಬಿಂದು ನೋಡಿದರೆ ಯಾವ ಕಾರ್ಬೊನೈಲ್ ಎಂಬುದೂ ಸಿಗುತ್ತದೆ: ಅಸಿಟೋನಿನದು 126 ಡಿಗ್ರಿ, ಬೆಂಜಾಲ್ಡಿಹೈಡಿನದು 237 ಡಿಗ್ರಿ.

ಇನ್ನು ಟಾಲೆನ್ಸ್, ಆಲ್ಡಿಹೈಡ್ ಇದ್ದರೆ ಟ್ಯೂಬಿನ ಗೋಡೆಗೆ ಬೆಳ್ಳಿಯ ಕನ್ನಡಿ ಕಟ್ಟುವ ಪರೀಕ್ಷೆ. ಅತಿ ಹೆಚ್ಚು ಜನ ಕೆಡಿಸಿಕೊಳ್ಳುವ ಪರೀಕ್ಷೆ ಇದೇ, ಆದ್ದರಿಂದ ಸ್ವಲ್ಪ ನಿಂತು ನೋಡೋಣ.

ಟ್ಯೂಬನ್ನು ಬಿಸಿ ಸೋಡಿಯಂ ಹೈಡ್ರಾಕ್ಸೈಡಿನಿಂದ ತೊಳೆದು, ಡಿಸ್ಟಿಲ್ಡ್ ವಾಟರಿನಲ್ಲಿ ಮೂರು ಸಲ ಜಾಲಾಡಿ. ನೀರು ಗೋಡೆಯ ಮೇಲೆ ಹನಿಹನಿಯಾಗಿ ನಿಲ್ಲದೆ ಹಾಳೆಯಂತೆ ಇಳಿದರೆ ಜಿಡ್ಡು ಹೋಗಿದೆ. ಶೇ. 5ರ ಸಿಲ್ವರ್ ನೈಟ್ರೇಟ್ 2 ಮಿ.ಲೀ. ಹಾಕಿ. ಶೇ. 10ರ ಸೋಡಿಯಂ ಹೈಡ್ರಾಕ್ಸೈಡ್ ಒಂದೇ ಹನಿ. ಕಾಫಿ ಬಣ್ಣದ ಸಿಲ್ವರ್ ಆಕ್ಸೈಡ್ ಬೀಳುತ್ತದೆ. ಈಗ ಸಾರರಿಕ್ತ ಅಮೋನಿಯಾ, ಹನಿ ಹಾಕಿ, ಅಲ್ಲಾಡಿಸಿ, ನೋಡಿ, ಮತ್ತೆ ಹನಿ. ಕಂದು ಬಣ್ಣ ಹೋಗುವುದಕ್ಕೆ ಇನ್ನೊಂದೇ ಹನಿ ಬೇಕು ಅನ್ನಿಸುವ ಹಂತದಲ್ಲಿ ನಿಲ್ಲಬೇಕು, ಒಂಚೂರು ಮಬ್ಬು ಉಳಿದರೆ ನಷ್ಟವಿಲ್ಲ. ಇಲ್ಲಿ ಬಾಟಲಿಯಿಂದ ಅಮೋನಿಯಾ ಸುರಿದವರ ಟ್ಯೂಬಿನಲ್ಲಿ ಬೆಳ್ಳಿಯ ಅಯಾನು ಅಮೋನಿಯಾದ ಹಿಡಿತಕ್ಕೆ ಸಿಕ್ಕಿ ಬಿಡುವುದೇ ಇಲ್ಲ, ಕನ್ನಡಿ ಬರುವುದಿಲ್ಲ. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರು ಕಡೆಯ ಲ್ಯಾಬ್‌ಗಳಲ್ಲಿ ಅಮೋನಿಯಾ ಬಾಟಲಿ ತೆರೆಯುವಾಗ ಅನಿಲ ಚಿಮ್ಮುತ್ತದೆ, ಮೊದಲು ತಣ್ಣೀರಿನಲ್ಲಿ ಬಾಟಲಿ ಇಟ್ಟು ತೆರೆಯಿರಿ.

ಈ ರೀಜೆಂಟಿಗೆ ವಸ್ತು 2-3 ಹನಿ ಹಾಕಿ, ಒಮ್ಮೆ ಬೆರೆಸಿ, 60 ಡಿಗ್ರಿ ಆಸುಪಾಸಿನ ನೀರಿನಲ್ಲಿ ಐದು ನಿಮಿಷ ಅಲ್ಲಾಡಿಸದೆ ನಿಲ್ಲಿಸಿ. ಅಲ್ಲಾಡಿಸಿದರೆ ಕನ್ನಡಿಯ ಬದಲು ಕಪ್ಪು ಪುಡಿ. ಕಪ್ಪು ಪುಡಿಯೂ ಬೆಳ್ಳಿಯೇ, ಸಕಾರಾತ್ಮಕ ಫಲಿತಾಂಶವೇ, ಆದರೆ ಬ್ಲ್ಯಾಂಕ್ ಪಕ್ಕದಲ್ಲಿದ್ದರೆ ಮಾತ್ರ ನಂಬಿ. ನೇರ ಜ್ವಾಲೆಗೆ ಹಿಡಿಯಲೇಬಾರದು. ಪರೀಕ್ಷೆ ಮುಗಿದ ತಕ್ಷಣ ಉಳಿದ ರೀಜೆಂಟನ್ನು ಸಾರರಿಕ್ತ ನೈಟ್ರಿಕ್ ಆಮ್ಲದಿಂದ ಆಮ್ಲೀಯ ಮಾಡಿ ಬೆಳ್ಳಿಯ ತ್ಯಾಜ್ಯದ ಬಾಟಲಿಗೆ ಹಾಕಿ. ನಾಳೆಗೆ ಇರಲಿ ಎಂದು ಇಟ್ಟರೆ ಅದರಲ್ಲಿ ಸಿಲ್ವರ್ ನೈಟ್ರೈಡ್ ಕಟ್ಟಿ, ಟ್ಯೂಬ್ ಮುಟ್ಟಿದರೆ ಸಿಡಿಯುವ ಅಪಾಯವಿದೆ. ಕೈಗೆ ಬಿದ್ದರೆ ಕಪ್ಪು ಕಲೆ ಕೆಲವು ದಿನ ಹೋಗುವುದಿಲ್ಲ, ಅಷ್ಟೇ.

ಫೆಹ್ಲಿಂಗ್ ಎ, ಬಿ ಎರಡನ್ನೂ ಬಳಸುವ ಹೊತ್ತಿಗೇ ಸಮಸಮ ಬೆರೆಸಿ, ಕಡುನೀಲಿ ಬಂದ ಮೇಲೆ ವಸ್ತು ಹಾಕಿ ಕುದಿಯುವ ನೀರಿನಲ್ಲಿಡಿ. ಎ ಅಂದರೆ ತಾಮ್ರದ ಸಲ್ಫೇಟ್, ಬಿ ಅಂದರೆ ಸೋಡಿಯಂ ಹೈಡ್ರಾಕ್ಸೈಡ್ ಮತ್ತು ರೋಶೆಲ್ ಉಪ್ಪು. ತಾಮ್ರ ಹೈಡ್ರಾಕ್ಸೈಡಾಗಿ ಕೆಳಗೆ ಕೂರದಂತೆ ಹಿಡಿದಿಡುವುದು ಆ ಉಪ್ಪಿನ ಕೆಲಸ. ಕೆಂಪು ಕ್ಯೂಪ್ರಸ್ ಆಕ್ಸೈಡ್ ಬಂದರೆ ಆಲಿಫ್ಯಾಟಿಕ್ ಆಲ್ಡಿಹೈಡ್ ಅಥವಾ ಗ್ಲೂಕೋಸಿನಂಥ ಸಕ್ಕರೆ. ಬೆಂಜಾಲ್ಡಿಹೈಡ್ ಟಾಲೆನ್ಸ್‌ಗೆ ಕನ್ನಡಿ ಕೊಟ್ಟು ಫೆಹ್ಲಿಂಗ್‌ಗೆ ಕೈಕೊಡುತ್ತದೆ. ಈ ಜೋಡಿಯೇ ಆರೊಮ್ಯಾಟಿಕ್ ಆಲ್ಡಿಹೈಡಿನ ಗುರುತು. ಆಲ್ಡಿಹೈಡಿಗೆ ಗುಲಾಬಿಯಾಗುವ ಷಿಫ್ ರೀಜೆಂಟ್ ಬಳಸುವುದಾದರೆ ಬಿಸಿ ಮಾಡಬೇಡಿ, ಕ್ಷಾರ ತಾಗಿಸಬೇಡಿ. ಎರಡರಲ್ಲೂ ತನ್ನಷ್ಟಕ್ಕೆ ಗುಲಾಬಿಯಾಗುತ್ತದೆ.

ಡಿಎನ್‌ಪಿ ಕೊಟ್ಟು ಟಾಲೆನ್ಸ್ ಕೊಡದಿದ್ದರೆ ಕೀಟೋನ್. ಮೀಥೈಲ್ ಕೀಟೋನೇ ಎಂದು ತಿಳಿಯಲು ಅಯೋಡೋಫಾರ್ಮ್: ವಸ್ತು 4-5 ಹನಿ, 1 ಮಿ.ಲೀ. ಶೇ. 10ರ ಸೋಡಿಯಂ ಹೈಡ್ರಾಕ್ಸೈಡ್, ಕಂದು ಬಣ್ಣ ನಿಲ್ಲುವವರೆಗೆ ಅಯೋಡಿನ್-ಪೊಟ್ಯಾಸಿಯಂ ಅಯೋಡೈಡ್, 60 ಡಿಗ್ರಿಯಲ್ಲಿ ಎರಡು ನಿಮಿಷ. ಹಳದಿ ಹರಳು, ಆಸ್ಪತ್ರೆಯ ವಾಸನೆ. ಎಥನಾಲ್, ಐಸೊಪ್ರೊಪೈಲ್ ಆಲ್ಕೋಹಾಲ್‌ಗಳೂ ಇದನ್ನು ಕೊಡುತ್ತವೆ ಎಂಬುದು ನೆನಪಿರಲಿ. ಹಾಗಾಗಿ ವಸ್ತುವನ್ನು ಎಥನಾಲಿನಲ್ಲಿ ಕರಗಿಸಿ ಈ ಪರೀಕ್ಷೆ ಮಾಡುವುದು ತನ್ನ ಗುಂಡಿ ತಾನೇ ತೋಡಿಕೊಂಡಂತೆ.

ಆಲ್ಕೋಹಾಲ್

ಸೆರಿಕ್ ಅಮೋನಿಯಂ ನೈಟ್ರೇಟಿಗೆ ಕೆಂಪು ಬಂದರೆ ಆಲ್ಕೋಹಾಲ್. ಫೀನಾಲಾದರೆ ಕಂದು ಅಥವಾ ಹಸಿರುಗಂದು. ಪ್ರೈಮರಿ, ಸೆಕೆಂಡರಿ, ಟರ್ಷಿಯರಿ (ಹೈಡ್ರಾಕ್ಸಿ ಗುಂಪು ಹೊತ್ತ ಇಂಗಾಲಕ್ಕೆ ಕ್ರಮವಾಗಿ ಒಂದು, ಎರಡು, ಮೂರು ಇಂಗಾಲ ಅಂಟಿದವು) ಬೇರೆ ಮಾಡಲು ಲ್ಯೂಕಾಸ್ ರೀಜೆಂಟ್, ಅಂದರೆ ಸಾರೀಕೃತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಜಲರಹಿತ ಸತುವಿನ ಕ್ಲೋರೈಡ್. ಟರ್ಷಿಯರಿ ಕೂಡಲೇ ಮಬ್ಬಾಗುತ್ತದೆ, ಸೆಕೆಂಡರಿಗೆ ಐದು ನಿಮಿಷ ಬೇಕು, ಪ್ರೈಮರಿ ಕೋಣೆಯ ತಾಪದಲ್ಲಿ ತಿಳಿಯಾಗಿಯೇ ಇರುತ್ತದೆ. ರೀಜೆಂಟಿನಲ್ಲಿ ಕರಗುವ ಸಣ್ಣ ಆಲ್ಕೋಹಾಲ್‌ಗಳಿಗೆ ಮಾತ್ರ ಇದು ಸಲ್ಲುತ್ತದೆ. ದೊಡ್ಡವು ಕರಗದೆ ಮೊದಲೇ ಮಬ್ಬಾಗಿ ಕಾಣುತ್ತವೆ. ಬೆಂಜೈಲ್ ಆಲ್ಕೋಹಾಲ್ ಪ್ರೈಮರಿಯಾದರೂ ಬೇಗ ಮಬ್ಬಾಗುತ್ತದೆ. ಡೈಕ್ರೊಮೇಟ್ ಪರೀಕ್ಷೆ ಹಳೆಯ ಮ್ಯಾನುಯಲ್‌ಗಳಲ್ಲಿದೆ. ಅದರಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ, ಮೇಲಿನ ಎರಡೇ ಸಾಕಾಗಿರುವಾಗ ಅದರ ಅಗತ್ಯವಿಲ್ಲ.

ಅಮೈನ್: ಐಸ್ ಇಲ್ಲದೆ ಕೈಹಾಕಬೇಡಿ

ಆರೊಮ್ಯಾಟಿಕ್ ಪ್ರೈಮರಿ ಅಮೈನ್‌ಗೆ ಅಜೊ ಬಣ್ಣದ ಪರೀಕ್ಷೆಗಿಂತ ಸ್ಪಷ್ಟವಾದದ್ದು ಇಲ್ಲ. ಮೂರು ಟ್ಯೂಬ್‌ಗಳನ್ನು ಐಸ್ ತುಂಬಿದ ಬೀಕರಿನಲ್ಲಿಡಿ. ಒಂದರಲ್ಲಿ 0.2 ಗ್ರಾಂ ವಸ್ತು, 1 ಮಿ.ಲೀ. ಸಾರೀಕೃತ ಹೈಡ್ರೋಕ್ಲೋರಿಕ್ ಆಮ್ಲ, 2 ಮಿ.ಲೀ. ನೀರು. ಎರಡನೆಯದರಲ್ಲಿ ಶೇ. 10ರ ಸೋಡಿಯಂ ನೈಟ್ರೈಟ್ 2 ಮಿ.ಲೀ. ಮೂರನೆಯದರಲ್ಲಿ 0.2 ಗ್ರಾಂ ಬೀಟಾ-ನ್ಯಾಫ್ಥಾಲ್ 3 ಮಿ.ಲೀ. ಶೇ. 10ರ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಪೂರ್ತಿ ಕರಗಿರಲಿ. ಎಲ್ಲ 5 ಡಿಗ್ರಿಗಿಂತ ಕೆಳಗಿಳಿದ ಮೇಲೆ ನೈಟ್ರೈಟನ್ನು ಹನಿಹನಿಯಾಗಿ ಮೊದಲನೆಯದಕ್ಕೆ ಹಾಕಿ. ಸ್ಟಾರ್ಚ್-ಅಯೋಡೈಡ್ ಕಾಗದ ನೀಲಿಯಾದರೆ ನೈಟ್ರೈಟ್ ಸಾಕಾಯಿತು. ಈ ಡೈಅಜೋನಿಯಂ ದ್ರಾವಣವನ್ನು ಮೂರನೆಯದಕ್ಕೆ ಸುರಿದರೆ ಕಿತ್ತಳೆ-ಕೆಂಪು ಬಣ್ಣ ಅಲ್ಲೇ ಹೆಪ್ಪುಗಟ್ಟುತ್ತದೆ. ಅನಿಲೀನಿನಿಂದ ಹೀಗೆ ಸಿಗುವುದು ಸುಡಾನ್-1, ಖಾರದಪುಡಿಗೆ ಕದ್ದು ಬೆರೆಸಿ ಸಿಕ್ಕಿಬಿದ್ದ ನಿಷೇಧಿತ ಬಣ್ಣ. ಬಟ್ಟೆಗೆ, ಕೈಗೆ ಬೀಳದಂತೆ ನೋಡಿಕೊಳ್ಳಿ.

ಬಣ್ಣ ಬರದಿದ್ದರೆ ಕಾರಣ ಈ ಮೂರರಲ್ಲಿ ಒಂದು. ಐಸ್ ಕರಗಿ ಬೆಚ್ಚಗಾಗಿದ್ದರೆ ಡೈಅಜೋನಿಯಂ ಒಡೆದು ನೈಟ್ರೊಜನ್ ಗುಳ್ಳೆಯಾಗಿ ಹೋಗಿ ಫೀನಾಲ್ ಉಳಿದಿರುತ್ತದೆ. ಆಮ್ಲ ಕಡಿಮೆಯಾಗಿದ್ದರೆ ಡೈಅಜೋನಿಯಂ ಉಳಿದ ಅಮೈನಿಗೇ ಅಂಟಿ ಹಳದಿ ಗಸಿಯಾಗುತ್ತದೆ. ಕೊನೆಯ ಮಿಶ್ರಣ ಆಮ್ಲೀಯವಾಗಿ ಉಳಿದಿದ್ದರೆ ನ್ಯಾಫ್ಥಾಲ್ ಜೋಡಿಯಾಗುವುದಿಲ್ಲ. ಲಿಟ್ಮಸ್ ನೋಡಿ ಸೋಡಿಯಂ ಹೈಡ್ರಾಕ್ಸೈಡ್ ಇನ್ನಷ್ಟು ಹಾಕಿ.

ಕಾರ್ಬೈಲಮೈನ್ ಪರೀಕ್ಷೆ ಎಲ್ಲ ಪ್ರೈಮರಿ ಅಮೈನಿಗೂ ಬರುತ್ತದೆ, ಆದರೆ ಅದರ ದುರ್ವಾಸನೆ ಇಡೀ ಬ್ಯಾಚನ್ನು ಹೊರಗೆ ಓಡಿಸುವಂಥದ್ದು. ಅನಿವಾರ್ಯವಾದರೆ ಫ್ಯೂಮ್ ಹುಡ್‌ನಲ್ಲಿ ಒಂದೇ ಹನಿ ಅಮೈನ್, ಎರಡು ಹನಿ ಕ್ಲೋರೋಫಾರ್ಮ್, 1 ಮಿ.ಲೀ. ಆಲ್ಕೋಹಾಲಿಕ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಮೆಲ್ಲಗೆ ಬಿಸಿ ಮಾಡಿ; ವಾಸನೆ ಬಂದ ಕೂಡಲೇ ಆರಿಸಿ, ಸಾರೀಕೃತ ಹೈಡ್ರೋಕ್ಲೋರಿಕ್ ಆಮ್ಲವನ್ನು ಹನಿಹನಿಯಾಗಿ ಹಾಕಿ ಐಸೊಸಯನೈಡನ್ನು ಕೊಲ್ಲಿ.

ಉಳಿದವು, ಚುಟುಕಾಗಿ

ನೈಟ್ರೊ: ಆಲ್ಕೋಹಾಲ್-ನೀರಿನಲ್ಲಿ ವಸ್ತು, ಚಿಟಿಕೆ ಅಮೋನಿಯಂ ಕ್ಲೋರೈಡ್, ಚಿಟಿಕೆ ಸತುವಿನ ಪುಡಿ, ಕುದಿಸಿ ಐದು ನಿಮಿಷ ಬಿಟ್ಟು ನೇರ ಟಾಲೆನ್ಸ್ ರೀಜೆಂಟಿಗೆ ಸೋಸಿ. ಬೂದು-ಕಪ್ಪು ಬಂದರೆ ನೈಟ್ರೊ. ವಸ್ತು ಮೊದಲೇ ಟಾಲೆನ್ಸ್ ಕೊಡುವಂಥದ್ದಾದರೆ ಇದಕ್ಕೆ ಅರ್ಥವಿಲ್ಲ. ಅಮೈಡ್: ಶೇ. 10ರ ಸೋಡಿಯಂ ಹೈಡ್ರಾಕ್ಸೈಡ್ ಜತೆ ಕುದಿಸಿದರೆ ಅಮೋನಿಯಾ ವಾಸನೆ, ಒದ್ದೆ ಕೆಂಪು ಲಿಟ್ಮಸ್ ಟ್ಯೂಬಿನ ಬಾಯಿಯಲ್ಲಿ ನೀಲಿ. ಕಾಗದ ಗೋಡೆಗೆ ತಾಗಿದರೆ ಕ್ಷಾರವೇ ನೀಲಿ ಮಾಡುತ್ತದೆ, ಎಚ್ಚರ. ಎಸ್ಟರ್: ಎರಡು ಹನಿ ವಸ್ತು, ಆಲ್ಕೋಹಾಲ್, ಒಂದು ಹನಿ ಫೀನಾಲ್ಫ್ಥಲೀನ್, ಗುಲಾಬಿ ಬರುವಷ್ಟೇ ಸೋಡಿಯಂ ಹೈಡ್ರಾಕ್ಸೈಡ್; ಬಿಸಿ ಮಾಡಿದಾಗ ಗುಲಾಬಿ ಹೋಗುತ್ತದೆ. ಸಕ್ಕರೆ: ಮೊಲಿಷ್ ಪರೀಕ್ಷೆ, ಆಲ್ಫಾ-ನ್ಯಾಫ್ಥಾಲ್ ಎರಡು ಹನಿ ಹಾಕಿ, ಟ್ಯೂಬ್ ವಾಲಿಸಿ ಸಾರೀಕೃತ ಸಲ್ಫ್ಯೂರಿಕ್ ಆಮ್ಲವನ್ನು ಗೋಡೆಗುಂಟ ಇಳಿಸಿದರೆ ಎರಡು ಪದರದ ನಡುವೆ ನೇರಳೆ ಉಂಗುರ.

ಒಂದು ಬಿಳಿ ಪುಡಿ, ಮೊದಲಿನಿಂದ ಕೊನೆವರೆಗೆ

ಹೆಸರಿಲ್ಲದ ಬಿಳಿ ಪುಡಿ. ಮಸಿ ಕಾರುತ್ತಾ ಉರಿಯಿತು, ಬೂದಿ ಉಳಿಯಲಿಲ್ಲ. ಲಸ್ಸೇನ್‌ನಲ್ಲಿ ನೈಟ್ರೊಜನ್, ಗಂಧಕ, ಹ್ಯಾಲೊಜನ್ ಮೂರೂ ಇಲ್ಲ. ತಣ್ಣೀರಿನಲ್ಲಿ ಬಹುತೇಕ ಕರಗಲಿಲ್ಲ, ಬೈಕಾರ್ಬೊನೇಟಿನಲ್ಲಿ ಬುಸುಬುಸು ಗುಳ್ಳೆ ಎದ್ದು ಕರಗಿತು, ಆಮ್ಲ ಹಾಕಿದಾಗ ವಾಪಸ್ ಬಂತು. ಆಮ್ಲ ಎಂಬುದು ಇತ್ಯರ್ಥ. ಬೆಂಜೊಯಿಕ್ ಇರಬೇಕು ಎಂದು ಇಲ್ಲೇ ಬರೆದು ಮುಗಿಸುವವರೇ ಹೆಚ್ಚು.

ಫೆರಿಕ್ ಕ್ಲೋರೈಡ್ ಒಂದು ಹನಿ ಹಾಕಿದರೆ ನೇರಳೆ. ಅಂದರೆ ಎರಡು ಗುಂಪು, ಆಮ್ಲವೂ ಫೀನಾಲೂ, ಸ್ಯಾಲಿಸಿಲಿಕ್ ಆಮ್ಲದ ಅನುಮಾನ. ಆದರೆ ಆ ನೇರಳೆ ಎಷ್ಟು ಗಾಢ ಎಂಬುದು ಇಲ್ಲಿ ನಿರ್ಣಾಯಕ. ಪಕ್ಕದ ಟ್ಯೂಬಿನಲ್ಲಿ ಅಷ್ಟೇ ತೂಕದ ಶುದ್ಧ ಸ್ಯಾಲಿಸಿಲಿಕ್ ಆಮ್ಲ ಇಡಿ. ಅದು ಮಸಿಯಂಥ ನೇರಳೆ, ನಿಮ್ಮದು ತಿಳಿ ನೇರಳೆಯಾದರೆ ಬಾಟಲಿಯಲ್ಲಿರುವುದು ಹಳೆಯ ಆಸ್ಪಿರಿನ್ ಇರಬಹುದು. ಆಸ್ಪಿರಿನ್ನಿನಲ್ಲಿ ಫೀನಾಲಿನ ಹೈಡ್ರಾಕ್ಸಿ ಗುಂಪು ಅಸಿಟೈಲ್ ಮುಸುಕಿನೊಳಗೆ ಇರುತ್ತದೆ, ಶುದ್ಧವಾಗಿದ್ದಾಗ ಬಣ್ಣ ಕೊಡುವುದೇ ಇಲ್ಲ. ತೇವ ಕುಡಿದು ಒಂದು ಪಾಲು ಜಲವಿಭಜನೆಯಾದಾಗ ಮಾತ್ರ ತಿಳಿ ನೇರಳೆ ಕಾಣುತ್ತದೆ. ಬಾಟಲಿ ಮುಚ್ಚಳ ತೆಗೆದಾಗ ವಿನೆಗರ್ ಘಾಟು ಬಂದರೆ ಅನುಮಾನ ಇನ್ನಷ್ಟು ಗಟ್ಟಿ.

ಆಗ 0.5 ಗ್ರಾಂ ಪುಡಿಯನ್ನು 5 ಮಿ.ಲೀ. ಶೇ. 10ರ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಐದು ನಿಮಿಷ ಕುದಿಸಿ, ತಣಿಸಿ, ಸಾರರಿಕ್ತ ಸಲ್ಫ್ಯೂರಿಕ್ ಆಮ್ಲದಿಂದ ಆಮ್ಲೀಯ ಮಾಡಿ. ಬಿಳಿ ಹರಳು ಬೀಳುತ್ತದೆ. ಸೋಸಿ, ತಣ್ಣೀರಿನಲ್ಲಿ ತೊಳೆದು, ಅದರ ಚೂರಿಗೆ ಫೆರಿಕ್ ಕ್ಲೋರೈಡ್ ಹಾಕಿ. ಕುದಿಸುವ ಮುನ್ನ ತಿಳಿ ನೇರಳೆ, ಕುದಿಸಿದ ಮೇಲೆ ಗಾಢ ನೇರಳೆ, ಸೋಸಿದ ನೀರಿನಲ್ಲಿ ವಿನೆಗರ್ ವಾಸನೆ: ಆಸ್ಪಿರಿನ್. ಮೊದಲೂ ಆಮೇಲೂ ಒಂದೇ ಗಾಢತೆ, ವಿನೆಗರ್ ವಾಸನೆ ಇಲ್ಲ: ಸ್ಯಾಲಿಸಿಲಿಕ್ ಆಮ್ಲ. ಎರಡನೆಯದಾದರೆ ಪುಡಿಯನ್ನು ಒಣಗಿಸಿ ಕರಗುವ ಬಿಂದು ನೋಡಿ, 159 ಡಿಗ್ರಿ ಆಸುಪಾಸು ಬರಬೇಕು. ಅದಕ್ಕೆ ಶೆಲ್ಫಿನ ಶುದ್ಧ ಸ್ಯಾಲಿಸಿಲಿಕ್ ಆಮ್ಲವನ್ನು ಸಮ ಬೆರೆಸಿ, ಅರೆದು, ಮತ್ತೊಮ್ಮೆ ನೋಡಿ. ಬಿಂದು ಕೆಳಗಿಳಿಯದಿದ್ದರೆ ಎರಡೂ ಒಂದೇ ವಸ್ತು, ಬಾಟಲಿಗೆ ಹೊಸ ಲೇಬಲ್ ಅಂಟಿಸಿ, ದಿನಾಂಕ ಹಾಕಿ.